ನಿಂತ ಮರವೂ ಮೊಳೆವ ಸಸಿಯೂ

ಭೈರವಾನಿತಿಪ್ಪ, ರಾಯದುರ್ಗಗಳ ಸುತ್ತಿನ ಹಳೆಯ ಹುಣಸೆಮರಗಳನ್ನು ತೋರಿಸಿ, ಈ ನೆಲಕ್ಕೆ ಹುಣಸೆ ಒಗ್ಗಿದೆ ಎನ್ನುವುದು ವಾಡಿಕೆ. ಈ ಮಾತು ಅರ್ಧ ಮಾತ್ರ ನಿಜ. ಹಳೆಯ ಮರವು ತಾನು ಮೊಳೆತ ಕಾಲದ ಹವೆಗೆ ಸಾಕ್ಷಿ. ಅದರ ಬೇರು ಆಳದ ತೇವವನ್ನು ಮುಟ್ಟಿದೆ. ಸಸಿಯಾದರೋ ಮೇಲ್ಮಣ್ಣಿನ ತೇವದಲ್ಲಿಯೇ ಬೇಸಗೆಯನ್ನು ದಾಟಬೇಕು.

1850–1900ರ ಸರಾಸರಿಗಿಂತ ಭೂಮಿಯ ಉಷ್ಣತೆ ಈಗ ಒಂದು ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾಗಿ ಏರಿದೆ. ಒಂದು ಡಿಗ್ರಿ ಏರಿದರೆ ಗಾಳಿಯು ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರ ಸೀಮೆಯಲ್ಲಿ, ಮಳೆ ಕುಂದದಿದ್ದರೂ ನೆಲ ಬೇಗ ಒಣಗುವುದು. ಮರದ ಎಲ್ಲೆ ಕುಗ್ಗುವುದು ಮೊದಲು ಸಸಿಗಳಲ್ಲಿ. ಮರಗಳು ಸಾಯುವುದು ಅನಂತರ.

ಕಮರದ ಸಸಿ ಮೇಲೆ ಬೆಳೆಯುವ ಮೊದಲೇ ತಾಯಿಬೇರನ್ನು ಆಳಕ್ಕಿಳಿಸುತ್ತದೆ. ಒಣನೆಲಕ್ಕೆ ಇದು ಲೇಸು. ಆದರೆ ಅದು ಹೇರಳವಾಗಿ ಬೀಜ ಬಿಡುವುದು ಕೆಲವು ವರ್ಷಗಳಿಗೊಮ್ಮೆ. ಆಗ ಮಳೆ ತಪ್ಪಿದರೆ ಒಂದು ಪೀಳಿಗೆಯೇ ತಪ್ಪಿದಂತೆ.

ಉಪಾಧ್ಯಾಯ ಮಿತ್ರರು ಮಕ್ಕಳಿಂದ ಊರಿನ ಮರಗಳನ್ನು ಎಣಿಸುವಾಗ ಸುತ್ತಲಿನ ಸಸಿಗಳನ್ನೂ ಎಣಿಸಲಿ. ಮೇಕೆ ಮೇಯ್ದವು, ಒಣಗಿದವು ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರಲಿ. ಮೇಯ್ದುದಕ್ಕೆ ಬೇಲಿಯುಂಟು, ಒಣಗಿದುದಕ್ಕೆ ನಾವು ಜಾತಿಯನ್ನೇ ಬದಲಿಸಿ ನೆಡಬೇಕಾದೀತು. ಸಸಿಯಿಲ್ಲದ ತೋಪು ಇಂದು ಹಣ್ಣು ಕೊಟ್ಟರೂ ಮೊಮ್ಮಕ್ಕಳ ಪಾಲಿಗೆ ಬರಿದೇ ಸರಿ.