ಎಲ್ಲರ ಬೀಗಕ್ಕೆ ಎಣ್ಣೆ ಹಾಕುವವರು ಯಾರು?

ಮನೆಯಲ್ಲಿ ಕುಳಿತು ವಿದ್ಯುತ್ ಬಿಲ್ ಪಾವತಿಸುವಾಗ, ಬ್ಯಾಂಕಿನ ಗುಪ್ತಪದ ನಮೂದಿಸುವಾಗ ನಮ್ಮ ಮಾಹಿತಿಯು ಗೂಢಲಿಪಿಯಾಗಿ ಮಾರ್ಪಟ್ಟು ಅಂತರ್ಜಾಲದಲ್ಲಿ ಸಾಗುತ್ತದೆ. ಈ ಅಗೋಚರ ಬೀಗವನ್ನು ಯಾವುದೋ ಬೃಹತ್ ಕಂಪನಿ ಸಿದ್ಧಪಡಿಸಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಅಸಂಖ್ಯ ಜಾಲತಾಣಗಳು ಈ ಕೆಲಸಕ್ಕೆ ನೆಚ್ಚಿರುವುದು 1998ರಲ್ಲಿ ಆರಂಭವಾದ ‘ಓಪನ್‌ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶವನ್ನು. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಬೆಲೆ ತೆರದೆ ಬಳಸಬಹುದು.

2014ರ ಏಪ್ರಿಲ್‌ನಲ್ಲಿ ಅದರಲ್ಲಿದ್ದ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಗಣಕವು ಇನ್ನೊಂದಕ್ಕೆ ಚಿಕ್ಕ ಸಂದೇಶ ಕಳುಹಿಸಿ, ಅದರ ಉದ್ದವನ್ನೂ ತಿಳಿಸುತ್ತದೆ. ಎದುರಿನ ಗಣಕ ಅದನ್ನೇ ಮರಳಿಸಬೇಕು. ಹೇಳಿದ ಉದ್ದ ನಿಜವೇ ಎಂದು ತಾಳೆ ನೋಡುವ ಏರ್ಪಾಡು ಬಿಟ್ಟುಹೋಗಿತ್ತು. ಸುಳ್ಳು ಉದ್ದ ಹೇಳಿದವರಿಗೆ ಗಣಕವು ತನ್ನ ಸ್ಮೃತಿಯಲ್ಲಿದ್ದ 64 ಕಿಲೋಬೈಟ್‌ವರೆಗಿನ ಮಾಹಿತಿಯನ್ನು ಒಮ್ಮೆಗೇ ಒಪ್ಪಿಸಿಬಿಡುತ್ತಿತ್ತು. ಕೆನಡಾದ ಕಂದಾಯ ಸಂಸ್ಥೆಯಿಂದ ಸುಮಾರು 900 ಮಂದಿಯ ಸಾಮಾಜಿಕ ವಿಮಾ ಸಂಖ್ಯೆಗಳು ಕಳವಾದವು.

ಜಗತ್ತು ಬೆಚ್ಚಿದ್ದು ಮತ್ತೊಂದು ಸಂಗತಿಗೆ. ಇಷ್ಟು ದೊಡ್ಡ ಹೊಣೆ ಹೊತ್ತ ಆ ತಂಡದಲ್ಲಿ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್!

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹೊಸದಲ್ಲ. ಸಾರ್ವಜನಿಕ ಸ್ವತ್ತಿನ ಫಲ ಎಲ್ಲರಿಗೂ ಬೇಕು, ಪಾಲನೆಯ ವೆಚ್ಚ ಮಾತ್ರ ಇನ್ನೊಬ್ಬರದಾಗಲಿ ಎಂಬುದು ಲೋಕರೂಢಿ. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಹೊಸ ಕಟ್ಟಡಕ್ಕೆ ಯೋಜನಾ ವೆಚ್ಚದಲ್ಲಿ ಹಣ ಸುಲಭವಾಗಿ ದೊರೆಯುತ್ತಿತ್ತು. ಕೆರೆಯ ಹೂಳೆತ್ತಲು, ತೂಬು ದುರಸ್ತಿಗೆ ಯೋಜನೇತರ ಬಾಬಿನಲ್ಲಿ ಕೈಚಾಚಬೇಕಿತ್ತು. ಏರಿ ಒಡೆದ ಮೇಲಷ್ಟೇ ಕಡತ ಚುರುಕಾಗುತ್ತಿತ್ತು.

ಹಾಗಾದರೆ ಮುಕ್ತ ತಂತ್ರಾಂಶವೇ ಅಪಾಯಕಾರಿಯೇ? ಅಲ್ಲ. 2024ರ ಪ್ರಕರಣ ನೋಡಿ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಉಪಕರಣವನ್ನು ಸಂಭಾವನೆಯಿಲ್ಲದೆ ಪಾಲಿಸುತ್ತಿದ್ದ ವ್ಯಕ್ತಿ ದಣಿದಿದ್ದರು. ನೆರವಿನ ಸೋಗಿನಲ್ಲಿ ಬಂದವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿ, ದೂರದ ಗಣಕಗಳಿಗೆ ಕನ್ನ ಕೊರೆಯುವ ಕಳ್ಳದಾರಿಯನ್ನು ಅದರೊಳಗೆ ಹುದುಗಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಗಣಕದ ಪ್ರವೇಶ ಅರ್ಧ ಸೆಕೆಂಡ್ ತಡವಾದದ್ದು ಅನುಮಾನ ಹುಟ್ಟಿಸಿತು. ಸಂಕೇತವನ್ನು ತೆರೆದು ನೋಡಲು ಸಾಧ್ಯವಿದ್ದುದರಿಂದಲೇ ಅವರು ಮೂಲ ತಲುಪಿದರು. ಆದರೆ ಯಾರು ಬೇಕಾದರೂ ನೋಡಬಹುದು ಎಂದ ಮಾತ್ರಕ್ಕೆ ಯಾರಾದರೂ ನೋಡುತ್ತಿದ್ದಾರೆ ಎಂದಾಗದು. ನೋಡುವ ಕಣ್ಣಿಗೂ ಕೂಲಿ ಬೇಕು.

ಕೇಂದ್ರ ಸರ್ಕಾರದ 2015ರ ನೀತಿಯು ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಿತು. ಅದು ಸರಿಯಾದ ಹೆಜ್ಜೆ. ಪರವಾನಗಿ ಶುಲ್ಕದಲ್ಲಿ ಉಳಿದ ಹಣದ ಒಂದಂಶವನ್ನಾದರೂ ಇಂತಹ ಉಪಕರಣಗಳ ತಪಾಸಣೆಗೆ, ಪಾಲಕರ ಸಂಭಾವನೆಗೆ ಮೀಸಲಿಡುವುದು ಮುಂದಿನ ಹೆಜ್ಜೆಯಾಗಬೇಕು. ಜರ್ಮನಿ 2022ರಲ್ಲಿಯೇ ಇದಕ್ಕೆಂದು ಸರ್ಕಾರಿ ನಿಧಿ ಸ್ಥಾಪಿಸಿತು. ಇದು ದಾನವಲ್ಲ, ದುರಸ್ತಿ ವೆಚ್ಚ. ಏರಿ ಒಡೆಯುವ ಮುನ್ನವೇ ಅದನ್ನು ಮಂಜೂರು ಮಾಡುವುದು ವಿವೇಕ.