ಬಿಲ್ಜಿನಲ್ಲಿ ಸಿಹಿನೀರು: ಹಳೇ ಬೋಟಿನ ಲೀಕು ಹಿಡಿದ ಕಥೆ

ಈ ವಾರದ ವಿಡಿಯೋದಲ್ಲಿ ಗಾಳಿ ಸದ್ದಿಗೆ ನನ್ನ ಮಾತು ಅರ್ಧ ಕೇಳಿಸ್ತಿಲ್ಲ. ತಪ್ಪು ನಂದೇ, ಕಾಲರ್ ಮೈಕು ಮನೇಲೇ ಬಿಟ್ಟು ಹೋಗಿದ್ದೆ. ಅದಕ್ಕೆ ಅಲ್ಲಿ ಹೇಳಿದ್ದನ್ನ ಇಲ್ಲಿ ನಿಧಾನವಾಗಿ ಬರೀತಿದ್ದೀನಿ.

ಹೊಸಬರಿಗೆ ಎರಡು ಮಾತು. ಮುಂಬೈನ ಗೇಟ್‌ವೇ ಮುಂದೆ, ನೀರಿನಲ್ಲಿ ಬೋಯಾಕ್ಕೆ ಕಟ್ಟಿ ನಿಲ್ಲಿಸಿದ ಹಾಯಿದೋಣಿಗಳನ್ನ ನೋಡಿರ್ತೀರಿ. ಅದರಲ್ಲಿ ಒಂದು ನಮ್ದು. 1984ರಲ್ಲಿ ಕಟ್ಟಿದ 30 ಅಡಿಯ ಫೈಬರ್ ಬೋಟು. ಶ್ರೀಮಂತರ ವ್ಯವಹಾರ ಅನ್ಕೋಬೇಡಿ, ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡನ್ನ ಮೂರು ಜನ ಹಂಚಿಕೊಂಡಿದ್ದು. ನಾನು ಮತ್ತೆ ನನ್ನ ಸಹೋದ್ಯೋಗಿ ಸಾಫ್ಟ್‌ವೇರಿನವರು. ಮೂರನೆಯವರು ಕುಮಟಾ ಕಡೆಯವರು, ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ನಾವು ಮಾಮ ಅಂತೀವಿ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನೆಲದ ಹಲಗೆ ಎತ್ತಿದ್ರೆ ಬಿಲ್ಜಿನಲ್ಲಿ, ಅಂದ್ರೆ ಬೋಟಿನ ತಳದ ಗುಂಡಿಯಲ್ಲಿ, ಬಕೆಟ್‌ಗಿಂತ ಹೆಚ್ಚು ನೀರು. ಮಾರ್ಚಿನಲ್ಲಿ ಗೋವಾ ದಾಟಿ ಕಾರವಾರದವರೆಗೆ ಹೋಗೋ ಪ್ಲಾನ್ ಇತ್ತು. ನಮ್ಮದು 120 ಲೀಟರಿನ ಟ್ಯಾಂಕು, ಅದೂ ಕ್ಯಾನಿನಲ್ಲಿ ಸಣ್ಣ ದೋಣಿ ಮೇಲೆ ಹೊತ್ತು ತಂದು ತುಂಬೋದು. ಒಂದು ಲೆಕ್ಕ ಕೇಳಿ: ಸೆಕೆಂಡಿಗೆ ಒಂದು ಹನಿ, ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಅಂತ ಹಿಡಿದ್ರೆ ದಿನಕ್ಕೆ ನಾಲ್ಕು ಲೀಟರಿಗೂ ಮೇಲೆ. ಅಂದ್ರೆ ಇಬ್ಬರು ಕುಡಿಯೋ ನೀರು.

ಮೊದಲ ಪ್ರಶ್ನೆ, ಇದು ಯಾವ ನೀರು? ಹಳೇ ನಾವಿಕರು ಬೆರಳು ಅದ್ದಿ ನೆಕ್ಕಿ ನೋಡ್ತಾರೆ. ಬೇಡ, ಬಿಲ್ಜಿನಲ್ಲಿ ಡೀಸೆಲ್ ಇರುತ್ತೆ, ಬೇರೆ ಏನೇನೋ ಇರುತ್ತೆ. ಅಡುಗೆಮನೆಯ ಆರ್‌ಒ ಚೆಕ್ ಮಾಡೋಕೆ ಟಿಡಿಎಸ್ ಮೀಟರ್ ಇಟ್ಟಿರ್ತೀವಲ್ಲ, ಅದು ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಆ ಪೆನ್ ಮೀಟರು ಕೈ ಎತ್ತಿಬಿಡುತ್ತೆ. ಮಳೆ ನೀರಿಗೆ ತೀರಾ ಕಮ್ಮಿ. ಟ್ಯಾಂಕಿನ ನೀರಿಗೆ ಅದರದ್ದೇ ನಂಬರ್. ಆದ್ರೆ ಬಿಲ್ಜಿನಲ್ಲಿ ಮೊದಲೇ ಒಣಗಿದ ಉಪ್ಪು ಇರುತ್ತೆ, ಅದು ಕರಗಿ ನಂಬರ್ ಸುಳ್ಳು ಹೇಳುತ್ತೆ. ಒಮ್ಮೆ ಚೆನ್ನಾಗಿ ತೊಳೆದು, ಒರೆಸಿ, ಆಮೇಲೆ ಬಂದ ನೀರನ್ನೇ ಅಳೀಬೇಕು. ನಮ್ಮದು ಟ್ಯಾಂಕಿನ ನಂಬರಿಗೆ ಹತ್ತಿರ ಬಂತು. ಫೆಬ್ರವರಿಯಲ್ಲಿ ಮುಂಬೈನಲ್ಲಿ ಮಳೆ ಇಲ್ಲ, ಮಾಸ್ಟ್ ಒಳಗಿಂದ ಇಳಿದಿರೋದಲ್ಲ. ಬಣ್ಣ ಇಲ್ಲ, ಎಂಜಿನ್ ಕೂಲೆಂಟ್ ಅಲ್ಲ. ಐಸ್ ಬಾಕ್ಸ್ ಖಾಲಿ.

"ಸದ್ಯ, ಸಿಹಿನೀರು! ಮುಳುಗಲ್ವಲ್ಲ" ಅಂದೆ. ಮಾಮ ನಗಲಿಲ್ಲ. "ಮುಳುಗೋದಿಲ್ಲ ಮಾರಾಯ, ಕೊಳೀತದೆ" ಅಂದ್ರು.

ಇದು ನನಗೆ ಗೊತ್ತೇ ಇರಲಿಲ್ಲ. ಮರ ಕೊಳೆಸೋ ಶಿಲೀಂಧ್ರಕ್ಕೆ ಉಪ್ಪು ಆಗಲ್ಲ, ಸಿಹಿನೀರು ಬೇಕು. ಮರದಲ್ಲಿ ತೇವ ಸುಮಾರು 20 ಪರ್ಸೆಂಟ್ ದಾಟಿ ಹಾಗೇ ನಿಂತ್ರೆ ಅದು ಬೇರು ಬಿಡುತ್ತೆ. 19ನೇ ಶತಮಾನದಲ್ಲಿ ಅಮೆರಿಕದ ಹಡಗು ಕಟ್ಟೋರು ಮರದ ಪಕ್ಕೆಲುಬುಗಳ ನಡುವೆ ಬೇಕಂತಲೇ ಕಲ್ಲುಪ್ಪು ತುಂಬ್ತಿದ್ರಂತೆ. ನಮ್ಮ ಬೋಟಿನ ಹೊರಮೈ ಫೈಬರ್ ಇರಬಹುದು, ಒಳಗಿನ ಅಡ್ಡಗೋಡೆ ಪ್ಲೈವುಡ್. ಮಾಸ್ಟನ್ನ ಎರಡೂ ಕಡೆ ಎಳೆದು ಹಿಡಿಯೋ ಸ್ಟೀಲ್ ಹಗ್ಗಗಳ ಪಟ್ಟಿಗಳನ್ನ ಬೋಲ್ಟ್ ಹಾಕಿ ಕೂರಿಸಿರೋದು ಅದೇ ಪ್ಲೈವುಡ್‌ಗೆ. ಅದು ಕೊಳೆತ್ರೆ ಒಂದಿನ ಜೋರು ಗಾಳಿಗೆ ಮಾಸ್ಟೇ ಕೆಳಗೆ.

ಈಗ ಹುಡುಕಾಟ. ನೀರು ನಿಂತಿರೋ ಜಾಗ ನೋಡಿ ಲೀಕು ಹುಡುಕೋಕೆ ಹೋದ್ರೆ ಕೆಟ್ಟಿರಿ. ಬೋಟಿನಲ್ಲಿ ನೀರು ಪೈಪಿನ ಬೆನ್ನ ಮೇಲೆ, ವೈರಿನ ಕೊಳವೆಯಲ್ಲಿ, ಗೋಡೆಯ ಹಿಂದಿನ ಅಚ್ಚಿನ ಸಂದಿಯಲ್ಲಿ ಹರಿದು ಎಲ್ಲಿ ತಗ್ಗಿದೆಯೋ ಅಲ್ಲಿ ನಿಲ್ಲುತ್ತೆ. ಪ್ರೊಡಕ್ಷನ್‌ನಲ್ಲಿ ಎರರ್ ಕಾಣಿಸಿದ ಸರ್ವಿಸೇ ತಪ್ಪು ಮಾಡಿರಬೇಕು ಅಂತ ಇದೆಯಾ? ಹಾಗೇ. ಜಾಗಕ್ಕಿಂತ ಸಮಯ ಮುಖ್ಯ, ಯಾವಾಗ ಸೋರುತ್ತೆ ಅನ್ನೋದು.

ಹಳೇ ಬೋಟಿನ ನೀರಿನ ವ್ಯವಸ್ಥೆ ಸರಳ. ಟ್ಯಾಂಕು, ಅಲ್ಲಿಂದ 12 ವೋಲ್ಟಿನ ಪಂಪು. ನಲ್ಲಿ ತೆರೆದಾಗ ಒತ್ತಡ ಇಳಿದು ಪಂಪು ತಾನೇ ಶುರುವಾಗುತ್ತೆ, ಮುಚ್ಚಿದಾಗ ಒತ್ತಡ ಏರಿ ನಿಲ್ಲುತ್ತೆ. ಪಂಪಿನಿಂದ ಮುಂದೆ ಒಂದು ಕವಲು ತಣ್ಣೀರಿಗೆ, ಇನ್ನೊಂದು ಹೀಟರಿಗೆ. ಎಲ್ಲಾ ನಲ್ಲಿ ಮುಚ್ಚಿದ್ದರೂ ಆಗಾಗ ಪಂಪು "ಗುರ್ರ್" ಅಂತ ಅರ್ಧ ಸೆಕೆಂಡ್ ಓಡಿದ್ರೆ ಒತ್ತಡ ಎಲ್ಲೋ ಸೋರ್ತಿದೆ ಅಂತ ಅರ್ಥ. ರಾತ್ರಿ ಎಲ್ಲ ಆಫ್ ಮಾಡಿ ಮಲಗಿ ಕೇಳಿಸಿಕೊಂಡ್ವಿ. ಹೆಚ್ಚುಕಮ್ಮಿ 40 ನಿಮಿಷಕ್ಕೊಮ್ಮೆ ಗುರ್ರ್.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಪಂಪೇ ಕೆಟ್ಟಿದೆ ಅಂತ ಹೊಸದು ತರಿಸಿದೆ. ಪಂಪಿನೊಳಗಿನ ವಾಲ್ವು ಸವೆದ್ರೆ ನೀರು ವಾಪಸ್ ಟ್ಯಾಂಕಿಗೇ ಇಳಿದು ಹೀಗೇ ಓಡುತ್ತೆ ನಿಜ. ಆದ್ರೆ ಆಗ ಬಿಲ್ಜಿಗೆ ನೀರು ಬರಲ್ಲ! ಇನ್ನೂ ಸುಲಭ ಟೆಸ್ಟ್ ಇತ್ತು: ಪಂಪಿನ ಬಾಯಿಗೇ ಬಿರಡೆ ಹಾಕಿ ಕಾಯೋದು. ಓಡಿದ್ರೆ ಪಂಪಿನದ್ದು, ಸುಮ್ಮನಿದ್ರೆ ಮುಂದಿನದ್ದು. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಮಾಮ ಹೇಳಿದ್ರು. "ನೀ ಕೇಳ್ಲಿಲ್ಲ, ನಾ ಹೇಳ್ಲಿಲ್ಲ" ಅಂತ.

ಆಮೇಲೆ ಶುದ್ಧ ಬೈನರಿ ಸರ್ಚ್. ಹಳೇ ಬೋಟುಗಳಲ್ಲಿ ಕವಲಿಗೊಂದು ವಾಲ್ವು ಇರಲ್ಲ, ಪೈಪು ಬಿಚ್ಚಿ ಬಿರಡೆ ಹಾಕಬೇಕು. ಹೀಟರಿಗೆ ಹೋಗೋ ಪೈಪು ಮುಚ್ಚಿದ್ವಿ, ಎರಡು ಗಂಟೆ ಕಾದ್ವಿ. ನಿಶ್ಶಬ್ದ. ಹಾಗಾದ್ರೆ ತಣ್ಣೀರಿನ ಕಡೆ ಸರಿ ಇದೆ. ಹೀಟರಿಗೆ ನೀರು ಕೊಟ್ಟು ಅದರಿಂದ ಹೊರಗೆ ಹೋಗೋ ಪೈಪು ಮುಚ್ಚಿದ್ವಿ. ಆಗಲೂ ನಿಶ್ಶಬ್ದ, ಹೀಟರೂ ಸರಿ. (ಹೀಟರಿನ ಸೇಫ್ಟಿ ವಾಲ್ವು ಬಿಸಿಯಾದಾಗ ಸ್ವಲ್ಪ ಹನಿಸೋದು ಲೀಕಲ್ಲ. 20 ಲೀಟರ್ ನೀರು 20 ಡಿಗ್ರಿಯಿಂದ 70ಕ್ಕೆ ಏರಿದ್ರೆ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತೆ, ಅದು ಎಲ್ಲಿಗಾದ್ರೂ ಹೋಗಬೇಕಲ್ಲ.) ಉಳಿದಿದ್ದು ಬಿಸಿನೀರಿನ ಪೈಪು. ಅಡುಗೆ ಕಟ್ಟೆಯ ಕವಲು ಮುಚ್ಚಿದ್ರೂ ಗುರ್ರ್. ಸಿಕ್ಕಿಬಿತ್ತು, ಬಚ್ಚಲಿನ ಕವಲು. ಇಡೀ ಶನಿವಾರ ಹೋಯ್ತು, ಒಂದು ಹಲಗೇನೂ ಒಡೀಲಿಲ್ಲ.

ಬಚ್ಚಲಿನ ಪ್ಯಾನೆಲ್ ತೆಗೆದು ಪ್ರತಿ ಜಾಯಿಂಟಿನ ಕೆಳಗೆ ಒಣ ಟಿಶ್ಯೂ ಇಟ್ವಿ. ಅರ್ಧ ಗಂಟೇಲಿ ಒಂದು ಒದ್ದೆ. ಬೂದು ಬಣ್ಣದ ಪೈಪು, ಪ್ಲಾಸ್ಟಿಕ್ ನಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಇದು ಪಾಲಿಬ್ಯುಟಿಲೀನ್ ಪೈಪು. ಅಮೆರಿಕದ ಮನೆಗಳಲ್ಲಿ 1970ರ ದಶಕದ ಕೊನೆಯಿಂದ 1990ರ ದಶಕದ ಮಧ್ಯದವರೆಗೆ ಇದನ್ನೇ ಹಾಕಿ, ನೀರಿನ ಕ್ಲೋರಿನ್‌ಗೆ ಪೈಪು, ಜಾಯಿಂಟು ಪೆಡಸಾಗಿ ಸೀಳಿ, ಕೋರ್ಟು ಕಚೇರಿವರೆಗೂ ಹೋಗಿತ್ತು. ನಮ್ಮ ಬೋಟಿನ ನೀರು ಅಲ್ಲಿಂದ ವೈರಿನ ಕೊಳವೆ ಹಿಡಿದು, ಅಡ್ಡಗೋಡೆಯ ಬುಡ ನೆನೆಸಿ, ಮೂರು ಮೀಟರ್ ಆಚೆ ಮಾಸ್ಟಿನ ಬುಡದಲ್ಲಿ ಇಳೀತಿತ್ತು.

ಜಾಯಿಂಟ್ ಬದಲಾಯಿಸಿದ್ವಿ. ಪಂಪು ರಾತ್ರಿಯೆಲ್ಲ ಸುಮ್ಮನಿತ್ತು. ಟ್ಯಾಂಕು ತುಂಬಿಸಿ, ಪಂಪು ಆಫ್ ಮಾಡಿ ಖುಷಿಯಲ್ಲಿ ಮನೆಗೆ ಹೋದ್ವಿ. ಮುಂದಿನ ಶನಿವಾರ ಬಂದ್ರೆ ಬಿಲ್ಜಿನಲ್ಲಿ ಮತ್ತೆ ನೀರು.

ಎರಡು ಬಗ್, ಒಂದೇ ಲಕ್ಷಣ. ಈ ಸಲ ಪಂಪು ಆಫ್ ಇತ್ತು, ಹಾಗಾಗಿ ಒತ್ತಡದ ಕಡೆಯದ್ದಲ್ಲ, ಟ್ಯಾಂಕಿನದ್ದೇ. ಇಲ್ಲಿ ಮಾಮ ಹೇಳಿದ ಉಪಾಯ ತುಂಬ ಹಿಡಿಸ್ತು. ಟ್ಯಾಂಕು ತುಂಬಿಸಿ ಸುಮ್ಮನೆ ಬಿಡು, ಮಟ್ಟ ಇಳಿದು ಇಳಿದು ಎಲ್ಲಿ ನಿಲ್ಲುತ್ತೋ ತೂತು ಅದೇ ಎತ್ತರದಲ್ಲಿದೆ. ನಮ್ಮದು ಮೇಲಿಂದ ನಾಲ್ಕು ಬೆರಳು ಇಳಿದು ನಿಂತಿತು. ಸರಿಯಾಗಿ ಆ ಎತ್ತರದಲ್ಲಿ ಟ್ಯಾಂಕು ಅಲುಗಾಡದಿರಲಿ ಅಂತ ಯಾರೋ ಮರದ ಪಟ್ಟಿ ಒತ್ತಿ ಕೂರಿಸಿದ್ರು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದೇ ಇರೋಕೆ ಗಾಳಿ ತಾಗ್ತಿರಬೇಕು. ಒದ್ದೆ ಮರದ ಅಡಿಯಲ್ಲಿ ಗಾಳಿ ಆಡದೆ ವೆಲ್ಡಿಂಗ್ ಪಕ್ಕ ಸೂಜಿಮೊನೆ ತೂತು ಬಿದ್ದಿತ್ತು. ಗ್ಯಾಸ್ ಸಿಲಿಂಡರಿಗೆ ಹಚ್ಚೋ ಹಾಗೆ ಸೋಪಿನ ನೀರು ಹಚ್ಚಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ನೋಡೋಣ ಅಂದೆ. ಪೈಪಿಗೆ ಅದು ಸರಿ, ಟ್ಯಾಂಕಿಗೆ ಮಾತ್ರ ಬೇಡ. ಚಪ್ಪಟೆ ಗೋಡೆಯ ಟ್ಯಾಂಕು ಸ್ವಲ್ಪ ಒತ್ತಡಕ್ಕೇ ಉಬ್ಬಿ ವೆಲ್ಡಿಂಗ್ ಬಿಡುತ್ತೆ.

ಟ್ಯಾಂಕು ಬಿಚ್ಚಿ ವೆಲ್ಡಿಂಗಿಗೆ ಕಳಿಸಿದ ಮೇಲೆ ಮಾಮ ದಬ್ಬಣ ತಗೊಂಡು ಎಡಗಡೆಯ ಅಡ್ಡಗೋಡೆಯ ಬುಡಕ್ಕೆ ಚುಚ್ಚಿದ್ರು. ಬೆಣ್ಣೆಗೆ ಚುಚ್ಚಿದ ಹಾಗೆ ಎರಡು ಸೆಂಟಿಮೀಟರ್ ಒಳಗೆ ಹೋಯ್ತು. ಯಾರೂ ಮಾತಾಡಲಿಲ್ಲ. ಅವರು ಚುಚ್ಚುತ್ತಾ ಚುಚ್ಚುತ್ತಾ ಮೇಲೆ ಹೋದ್ರು. ಬೋಲ್ಟುಗಳಿಗಿಂತ ಒಂದು ಗೇಣು ಕೆಳಗೆ ಗಟ್ಟಿ ಮರ ಸಿಕ್ತು.

ಕೊಳೆತದ್ದನ್ನ ಕತ್ತರಿಸಿ, ಒಣಗಿಸಿ, ಹೊಸ ಮರೈನ್ ಪ್ಲೈ ಕೂರಿಸಿ ಎಪಾಕ್ಸಿ ಹಾಕೋಷ್ಟರಲ್ಲಿ ಏಪ್ರಿಲ್ ಮುಗೀತು. ಮೇ ಕೊನೇಲಿ ಮಳೆಗಾಲಕ್ಕೆ ಬೋಟು ದಡಕ್ಕೆ ಎತ್ತಲೇಬೇಕು. ಕಾರವಾರ ಈ ವರ್ಷ ತಪ್ಪಿತು. ಡಿಸೆಂಬರಿನಲ್ಲಿ ಮತ್ತೆ ನೋಡ್ತೀವಿ. ಹಳೇ ಪಂಪು ಸರಿಯಾಗೇ ಇದೆ, ಸ್ಪೇರ್ ಅಂತ ಸೀಟಿನ ಕೆಳಗೆ ಇಟ್ಟಿದ್ದೀವಿ.