ನಮ್ಮ ಶಾಸಕರ ಹೆಸರಿನ ಮೊಕದ್ದಮೆ

ರಾಜ್ಯಶಾಸ್ತ್ರವನ್ನು ಬೋಧಿಸುವ ನನಗೆ ಪ್ರತಿವರ್ಷವೂ ಒದಗುವ ಒಂದು ವಿನೋದವುಂಟು. ಪಕ್ಷಾಂತರ ನಿಷೇಧದ ಪಾಠ ಬಂದಾಗ ‘ಬಾಲಚಂದ್ರ ಜಾರಕಿಹೊಳಿ ವಿರುದ್ಧ ಬಿ. ಎಸ್. ಯಡಿಯೂರಪ್ಪ’ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಗೋಕಾಕ, ಮೂಡಲಗಿಯ ಕಡೆಯ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಾರೆ. ತಮ್ಮ ಸೀಮೆಯ ಶಾಸಕರ ಹೆಸರು ಕಾನೂನಿನ ಗ್ರಂಥದಲ್ಲಿಯೂ ಇರುವುದು ಅವರಿಗೆ ಸೋಜಿಗ.

ಅರಭಾವಿ ಘಟಪ್ರಭೆಯ ನೀರುಂಡ ಕಬ್ಬಿನ ನಾಡು. ಜಾರಕಿಹೊಳಿಯವರದು ಗೋಕಾಕದ ವ್ಯಾಪಾರಸ್ಥ ಮನೆತನ. ರಮೇಶ, ಸತೀಶ, ಬಾಲಚಂದ್ರ, ಲಖನ್ ಈ ನಾಲ್ವರು ಸಹೋದರರೂ ವಿಧಾನಮಂಡಲವನ್ನು ಹೊಕ್ಕವರು. ಆದರೆ ಎಲ್ಲರೂ ಒಂದೇ ಪಕ್ಷದ ಬಾಗಿಲಿನಿಂದಲ್ಲ. ಬಾಲಚಂದ್ರರು ಜಾತ್ಯತೀತ ಜನತಾದಳದಿಂದ 2004ರಲ್ಲಿ ಅರಭಾವಿಯನ್ನು ಗೆದ್ದರು. 2008ರ ಮೇ ತಿಂಗಳಲ್ಲಿ ಮತ್ತೆ ಗೆದ್ದರು. ಆಗ 224 ಸ್ಥಾನಗಳಲ್ಲಿ 110ನ್ನು ಪಡೆದಿದ್ದ ಭಾರತೀಯ ಜನತಾಪಕ್ಷಕ್ಕೆ ಬಹುಮತ ಬೇಕಾಗಿತ್ತು. ಅವರು ರಾಜೀನಾಮೆಯಿತ್ತು ಆ ಪಕ್ಷವನ್ನು ಸೇರಿ, ಡಿಸೆಂಬರಿನ ಉಪಚುನಾವಣೆಯಲ್ಲಿ ಪುನಃ ಆರಿಸಿಬಂದರು.

ಎರಡು ವರ್ಷವೂ ತುಂಬಲಿಲ್ಲ. 2010ರ ಅಕ್ಟೋಬರ್ 6ರಂದು ಅವರೂ ಸಂಗಡಿಗರೂ ಯಡಿಯೂರಪ್ಪನವರ ಸರಕಾರಕ್ಕೆ ಬೆಂಬಲವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಸಭಾಧ್ಯಕ್ಷ ಕೆ. ಜಿ. ಬೋಪಯ್ಯನವರು 7ರಂದು ನೋಟೀಸು ಹೊರಡಿಸಿ, 10ರ ಸಂಜೆ ಐದರೊಳಗೆ ಉತ್ತರ ಕೇಳಿದರು. ವಿಶ್ವಾಸಮತದ ದಿನ 11. ಅದರ ಹಿಂದಿನ ದಿನವೇ ಪಕ್ಷದ 11 ಶಾಸಕರೂ 5 ಪಕ್ಷೇತರರೂ ಅನರ್ಹರಾದರು. ಪಕ್ಷದ ಶಾಸಕರ ಮಟ್ಟಿಗೆ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಉತ್ತರಕ್ಕೆ ನಿಯಮದಂತೆ ಏಳು ದಿನಗಳಿರುವಾಗ ಮೂರರಲ್ಲಿ ಮುಗಿಸಿದ ಅವಸರ ಸಹಜ ನ್ಯಾಯಕ್ಕೆ ವಿರುದ್ಧ. ಒಬ್ಬ ಮುಖ್ಯಮಂತ್ರಿಯನ್ನು ಒಲ್ಲೆನೆಂದವರು, ಅದೇ ಪಕ್ಷದ ಬೇರೊಬ್ಬ ನಾಯಕನನ್ನು ಬೆಂಬಲಿಸುವ ಬಾಗಿಲನ್ನು ಮುಚ್ಚಿರಲಿಲ್ಲವೆಂಬುದನ್ನೂ ನ್ಯಾಯಾಲಯ ಗಮನಿಸಿತು.

ನಾಯಕನಿಗೆ ತಲೆಬಾಗದಿರುವುದೂ ಪಕ್ಷವನ್ನು ತೊರೆಯುವುದೂ ಒಂದೇ ಅಲ್ಲವೆಂದು ನಾನು ಈ ತೀರ್ಪಿನ ಪಾಠವನ್ನು ಪ್ರತಿಸಲವೂ ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ವರ್ಷ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಸರ, ಶಾಸಕರಿಗೆ ಏಳು ದಿವಸ ಕೊಡಬೇಕಂತ ಕೋರ್ಟು ಹೇಳಿತು. ನಮ್ಮಪ್ಪ ಮೇ ತಿಂಗಳದಾಗ ಒಂದು ಚಿಹ್ನೆಗೆ ಮತ ಹಾಕಿದ್ದ. ಅದನ್ನ ಬಿಟ್ಟು ಹೋಗೂ ಮುಂದ ಅವಗ ನೋಟೀಸು ಯಾರು ಕೊಟ್ಟರು?”

ವರ್ಗ ನಿಶ್ಶಬ್ದವಾಯಿತು. ಉಪಚುನಾವಣೆಯೇ ಆ ನೋಟೀಸು, ಮತದಾರ ತನ್ನ ಉತ್ತರವನ್ನು ಕೊಟ್ಟನೆಂದೆ. ಮಾತು ತಪ್ಪಲ್ಲ, 2013, 2018, 2023ರಲ್ಲಿಯೂ ಅರಭಾವಿ ಅವರನ್ನೇ ಆರಿಸಿತು. 2019ರಲ್ಲಿ ಅವರು ಕರ್ನಾಟಕ ಹಾಲು ಮಹಾಮಂಡಳಿಯ ಅಧ್ಯಕ್ಷರೂ ಆದರು. ಆದರೂ ನನ್ನ ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ರೈತನನ್ನು ಕೇಳಿದ್ದು ಎಲ್ಲ ಮುಗಿದ ಮೇಲೆ, ಮೊದಲಲ್ಲ.

ಪೇಟೆಯಲ್ಲಿ ಅಂಗಡಿಯ ಫಲಕ ಬದಲಾದರೂ ಗಿರಾಕಿ ಬರುವುದು ಒಡೆಯನ ಪತ್ತಿನ ಮೇಲೆ. ಮತಪೆಟ್ಟಿಗೆಯ ಮುಂದೆಯೂ ನಮ್ಮ ಜನ ಹಾಗೆಯೇ ನಡೆದುಕೊಂಡರು. ಅದನ್ನು ಅಜ್ಞಾನವೆಂದು ಹಳಿಯಲಾರೆ. ಕಷ್ಟಕಾಲಕ್ಕೆ ಕರೆದರೆ ಓಗೊಡುವವನು ಮನುಷ್ಯನೇ ಹೊರತು ಚಿಹ್ನೆಯಲ್ಲ. ಆದರೆ ಪತ್ತಿನ ವ್ಯವಹಾರಕ್ಕೆ ಎರಡೂ ಕಡೆ ಲೆಕ್ಕದ ವಹಿ ಬೇಕು. ಶಾಸಕನ ಹಕ್ಕಿನ ಲೆಕ್ಕವನ್ನು ದಿಲ್ಲಿಯ ನ್ಯಾಯಾಲಯ ಬರೆದಿಟ್ಟಿದೆ. ಮತದಾರನ ವಹಿಯನ್ನು ಆ ಹುಡುಗನಂಥವರೇ ಬರೆಯತಕ್ಕದ್ದು. ಈಗ ಪಾಠ ಮುಗಿಸುವಾಗ ಅವನ ಪ್ರಶ್ನೆಯನ್ನೂ ಹಲಗೆಯ ಮೇಲೆ ಬರೆದು, ಅಳಿಸದೆ ಬರುತ್ತೇನೆ.